ಎಣ್ಣೆ ಮುಟ್ಟಿದ ಕೈ

ಏನು ಕೈಗೆ ಸಿಕ್ಕಿದರೂ ಮೊದಲು ಮೂಸಿ ನೋಡುವುದು ಅವರ ಅಭ್ಯಾಸ. ಸಂತೆಯಿಂದ ತಂದ ಬೆಲ್ಲವನ್ನು ಮೂಸುತ್ತಿದ್ದರು, ಒಗೆದು ಒಣಗಿಸಿದ ಪಂಚೆಯನ್ನು ಮೂಸುತ್ತಿದ್ದರು. ಮದುವೆಯ ಮರುದಿನ ನಾನು ಕೊಟ್ಟ ನೀರಿನ ಚೊಂಬನ್ನೂ ಮೂಸಿಯೇ ಕುಡಿದರು. ನನಗೆ ಅಳು ಬಂತು. ಅತ್ತೆ ಒಲೆಯ ಮುಂದೆ ಕೂತಲ್ಲಿಂದಲೇ, "ಅಳ್ಬೇಡಮ್ಮೀ, ಅವ್ನು ಉಟ್ಟಾಗ ನನ್ನನ್ನೂ ಮೂಸಿ ನೋಡಿಯೇ ಆಲು ಕುಡ್ದಿದ್ದು" ಅಂದರು. ಅತ್ತೆ ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಕಡಿಮೆ. ಅದಕ್ಕೇ ಅದು ನೆನಪಿದೆ.

ಯಜಮಾನರು ಹೋಗಿ ಒಂದು ಮಳೆಗಾಲ ಕಳೆದಿದೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಒಂದು ಸಲವೂ ಬಾಯಿಂದ ಹೇಳದ ಹೆಸರನ್ನು ಈಗ ಬರೆಯಲು ಕೈ ಬರುವುದಿಲ್ಲ. ನನ್ನ ಯಜಮಾನರು, ಸೇಲಂನ ಗುಗೈಯಲ್ಲಿ ಒಂದು ನೇಕಾರರ ಮನೆಯ ಹಿರಿಮಗ. ಅಷ್ಟು ತಿಳಿದರೆ ಸಾಕು. ನಮ್ಮ ಬೀದಿಯಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನಗೆ ಬರುವ ಅಕ್ಷರ ನನ್ನಪ್ಪ ಮಗ್ಗದ ಪಕ್ಕದಲ್ಲಿ ಮರಳು ಹರಡಿ ತಿದ್ದಿಸಿದ್ದು. ಅಷ್ಟರಲ್ಲಿ ಎಷ್ಟು ಹೇಳಲಾಗುತ್ತದೋ ಅಷ್ಟು ಹೇಳುತ್ತೇನೆ.

ನಮ್ಮಲ್ಲಿ ನೇಯುತ್ತಿದ್ದದ್ದು ರೇಷ್ಮೆಯಂಚಿನ ಬಿಳಿ ಪಂಚೆ. ಮದುವೆ ಗಂಡು ಉಡುವಂಥದ್ದು. ನೇಯುವ ಮೊದಲು ಹಾಸಿನ ಉದ್ದನೆಯ ನೂಲನ್ನು ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಗಂಜಿಯ ಹದ ನೋಡುವುದು ಅತ್ತೆಯ ಕೆಲಸ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ತೊಟ್ಟು ತೆಗೆದುಕೊಂಡು ಬೆರಳು ಬಿಡಿಸುತ್ತಿದ್ದರು. ಎಳೆ ಬಂದು ತಾನಾಗಿ ಕಡಿದರೆ ಸರಿ. ಈ ಪರೀಕ್ಷೆಯನ್ನು ಅವರು ಹಿರಿಮಗನಿಗೆ ಮಾತ್ರ ಕಲಿಸಿದ್ದರು. ಮಗ ಅದನ್ನು ಕೊನೆಗೆ ಎಲ್ಲಿಗೆ ತೆಗೆದುಕೊಂಡು ಹೋಗುತ್ತಾನೆ ಎಂದು ಅವರಿಗೆ ಹೇಗೆ ತಿಳಿಯಬೇಕು?

ಮೇಟೂರು ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಪಂಚೆಯ ವ್ಯಾಪಾರ ಬಿದ್ದುಹೋಗಿತ್ತು. ಮನೆಯಲ್ಲಿ ಒಂದೇ ಮಗ್ಗ, ಇಬ್ಬರು ಗಂಡುಮಕ್ಕಳು. ನನ್ನ ಮೈದುನನಿಗೆ ಬೇರೆ ಕೆಲಸ ಬಾರದು. ಹಾಗಾಗಿ ಇವರು ಊರ ಹೊರಗೆ ಬಿಳಿ ದೊರೆಗಳು ಟೆನಿಸ್ ಆಡುವ ಬಂಗಲೆಗೆ ಹುಲ್ಲಿನ ಕೆಲಸಕ್ಕೆ ಸೇರಿದರು. ಬೆಳಿಗ್ಗೆ ಸಂಜೆ ಸಿಕ್ಕ ಹೊತ್ತಿನಲ್ಲಿ ಮನೆಯಲ್ಲಿ ಮಗ್ಗಕ್ಕೂ ಕೂರುತ್ತಿದ್ದರು.

ಬಂಗಲೆಯಲ್ಲಿ ಆಗ ಹುಲ್ಲು ಕತ್ತರಿಸುವ ಯಂತ್ರವನ್ನು ಎಳೆಯುತ್ತಿದ್ದದ್ದು ಒಂದು ಎತ್ತು. ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳಬಾರದೆಂದು ಎತ್ತಿಗೆ ಚರ್ಮದ ಬೂಟು ಹಾಕುತ್ತಿದ್ದರು. ಎತ್ತು ಹೊಡೆಯುವವನು ಮುನಿಯನ್ ತಾತ. ಬೂಟಿನ ಚರ್ಮ ಬಿರಿಯದಿರಲೆಂದು ದಿನವೂ ಹರಳೆಣ್ಣೆ ತಿಕ್ಕುತ್ತಿದ್ದ. ನಾನು ಮಧ್ಯಾಹ್ನ ಊಟ ತೆಗೆದುಕೊಂಡು ಹೋದಾಗ ಅವನು ತನ್ನ ಬರಿಗಾಲು ಎತ್ತಿ ತೋರಿಸುತ್ತಿದ್ದ.

"ನೋಡ್ ತಾಯಿ, ಎತ್ತಿಗೆ ಬೂಟ್ಸು, ನನಗೆ ಮುಳ್ಳು! ಮುಂದಿನ ಜನ್ಮತ್ತಲಿ ಎತ್ತಾಗೇ ಉಟ್ತೀನಿ."

ಆಮೇಲೆ ಒಂದು ದಿನ ಮದರಾಸಿನಿಂದ ಮರದ ಪೆಟ್ಟಿಗೆಯಲ್ಲಿ ಮೋಟಾರು ಯಂತ್ರ ಬಂತು. ಎತ್ತು ಬೇಕಿಲ್ಲ, ಹಿಂದೆ ಹಿಡಿದು ನಡೆದರೆ ಸಾಕು, ತಾನೇ ಕತ್ತರಿಸಿಕೊಂಡು ಹೋಗುತ್ತದೆ. ಬಂಗಲೆಯ ದೊರೆ ಅದನ್ನು ಇವರ ಕೈಗೆ ಕೊಟ್ಟ. ಉರುಳುಗಲ್ಲು ಎಳೆಯಲು ಎತ್ತನ್ನೂ ಮುನಿಯನ್ ತಾತನನ್ನೂ ಉಳಿಸಿಕೊಂಡ. ಆ ದಿನ ಮನೆಗೆ ಬಂದವರು ಊಟ ಮಾಡಲಿಲ್ಲ. ತಟ್ಟೆಯ ಅಂಚಿನ ಮೇಲೆ ಬೆರಳಿಟ್ಟು ಯಂತ್ರದ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದರು. ಅತ್ತೆ, "ಎಲ್ಲಿಂದಲೋ ಬಸ್ ಬಂದಂಗೈತೆ, ಅತ್ಕೊಂಡು ಓಗ್ಬಿಡ್ಲಾ" ಅಂದರು.

ಬಸ್ಸು ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಬಂದು ಕೆಲಸ ಕಲಿಸಿ ಹೋದ. ಇವರು ಮೊದಲ ಸಲ ಎಣ್ಣೆ ಬದಲಾಯಿಸಿದ್ದು ತಪ್ಪಾಗಿತ್ತು. ಯಂತ್ರ ತಣ್ಣಗಿದ್ದಾಗ ಇಳಿಸಿದ್ದರು. ಕಸವೆಲ್ಲ ತಳದಲ್ಲೇ ಉಳಿದಿತ್ತು. ಮೆಕ್ಯಾನಿಕ್ ಮತ್ತೊಮ್ಮೆ ಬಂದಾಗ ಬೈದು ಹೇಳಿಕೊಟ್ಟ. ಮೊದಲು ಸ್ವಲ್ಪ ಹೊತ್ತು ಓಡಿಸು, ಬಿಸಿಯಾಗಿದ್ದಾಗಲೇ ಬಸಿ. ಈ ಊರ ಬಿಸಿಲಿಗೆ ದಪ್ಪ ಎಣ್ಣೆಯೇ ಹಾಕು. ಯಾವತ್ತೂ ಡಬ್ಬಿಯ ಎಣ್ಣೆಗೆ ಹರಳೆಣ್ಣೆ ಬೆರೆಸಬೇಡ. ಹರಳೆಣ್ಣೆ ಒಂದನ್ನೇ ಕುಡಿದು ಓಡುವ ಯಂತ್ರಗಳಿವೆ, ಆದರೆ ಎರಡೂ ಸೇರಿದರೆ ಒಳಗೆ ಗೋಂದು ಕಟ್ಟುತ್ತದೆ.

ಎಣ್ಣೆ ಕೊಳ್ಳಲು ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ರೈಲ್ವೆ ಜಂಕ್ಷನ್ ಕಡೆಯ ಅಂಗಡಿ. ತೆಳುವಿನದು, ನಡುವಿನದು, ದಪ್ಪದ್ದು ಎಂದು ಮೂರು ಬಗೆ. ಇವರು ಮೂರರಿಂದಲೂ ಒಂದೊಂದು ತೊಟ್ಟು ಹಿತ್ತಾಳೆ ತಟ್ಟೆಗೆ ಹಾಕಿಸಿ, ತಟ್ಟೆ ಓರೆ ಮಾಡಿ, ಯಾವುದು ನಿಧಾನ ಹರಿಯುತ್ತದೆ ನೋಡಿದರು. ಆಮೇಲೆ ಮೂಸಿದರು. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ತೆಗೆದರು, ಗಂಜಿಗೆ ಮಾಡಿದ ಹಾಗೆಯೇ.

"ಎಣ್ಣೆ ಕೊಳ್ಳೋಕೆ ಬಂದ್ಯಾಪ್ಪಾ, ಪೊಣ್ಣು ನೋಡೋಕೆ ಬಂದ್ಯಾ?" ಎಂದು ಅಂಗಡಿಯವನು ನಕ್ಕ.

ಇವರು ನಗಲಿಲ್ಲ. "ಪೊಣ್ಣಾದ್ರೆ ಒಂದ್ಸಲ ತಂದ್ರೆ ಆಯ್ತು. ಇದನ್ನ ಮತ್ತೆ ಮತ್ತೆ ತರ್ಬೇಕಲ್ಲಾ" ಅಂದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ.

ಅಂಗಡಿಯವನ ಇನ್ನೊಂದು ತಮಾಷೆ ಶನಿವಾರದ್ದು. ಶನಿವಾರ ಮನೆಗೆ ಎಣ್ಣೆ ತರುವುದಿಲ್ಲ ನಮ್ಮಲ್ಲಿ. ಇವರು ಯಂತ್ರದ ಎಣ್ಣೆಯನ್ನೂ ಆ ದಿನ ಕೊಳ್ಳುತ್ತಿರಲಿಲ್ಲ. "ಇದು ವಡೆ ಸುಡೋ ಎಣ್ಣೆ ಅಲ್ಲಪ್ಪಾ, ಮೋಟಾರ್ ಎಣ್ಣೆ! ಇದಕ್ಕೆ ಯಾವ ಶನಿ?" ಎಂದು ಅವನು ಕೇಳಿದರೆ ಇವರದು ಒಂದೇ ಉತ್ತರ: "ಬೆರಳಿಗೆ ಜಾರಿದ್ರೆ ಎಲ್ಲಾ ಎಣ್ಣೇನೆ."

ಮಾರ್ಗಳಿ ತಿಂಗಳ ಚಳಿಯಲ್ಲಿ ದಪ್ಪ ಎಣ್ಣೆ ಗಟ್ಟಿಯಾಗಿ ಯಂತ್ರ ಬೇಗ ಹೊರಡುತ್ತಿರಲಿಲ್ಲ. ಆಗ ಡಬ್ಬಿಯನ್ನು ಬಿಸಿಲಿಗೆ ಇಟ್ಟು, ಕೂಸನ್ನು ಕಾಯುವ ಹಾಗೆ ಅದರ ಪಕ್ಕ ಕೂತಿರುತ್ತಿದ್ದರು. ಎಣ್ಣೆ ಬದಲಾಯಿಸುವ ದಿನ ನನ್ನ ಊಟದ ಬುತ್ತಿ ಆರಿಹೋಗುವುದು ಖಂಡಿತ. ಯಂತ್ರ ಓಡಿಸಿ, ನಿಲ್ಲಿಸಿ, ಹೊಟ್ಟೆಯ ಕೆಳಗಿನ ತಿರುಪು ಬಿಚ್ಚಿ ಹಳೆಯ ಬಾಣಲೆ ಇಡುತ್ತಿದ್ದರು. ಕಪ್ಪೆಣ್ಣೆ ಹಗ್ಗದಂತೆ ಇಳಿದು, ಎಳೆಯಾಗಿ, ಕೊನೆಗೆ ತೊಟ್ಟಾಗುತ್ತಿತ್ತು. ನಾನು ಊಟಕ್ಕೆ ಕರೆದರೆ, "ತಡೀ ಲೇ, ಇನ್ನೂ ಅಳ್ತಾ ಐತೆ" ಅನ್ನುತ್ತಿದ್ದರು. ಕೊನೆಯ ತೊಟ್ಟು ಬೀಳುವ ತನಕ ತಿರುಪು ಹಾಕುತ್ತಿರಲಿಲ್ಲ. ಹೊಸದನ್ನು ಗುರುತಿನ ತನಕ ಸುರಿದು, ಒರೆಸಿ, ಆಮೇಲೆ ಕೈತೊಳೆಯುತ್ತಿದ್ದರು.

ಒಂದು ಸಲ ಬಾಣಲೆಯ ಎಣ್ಣೆ ನೋಡಿ, ಇದು ಕೆಟ್ಟುಹೋಗಿದೆಯಾ ಎಂದು ಕೇಳಿದೆ. "ಕೆಟ್ಟಿಲ್ಲ. ಒಳಗಿರೋ ಕಸವೆಲ್ಲಾ ತಾನ್ ತಿಂದು ಕಪ್ಪಾಗೈತೆ, ಅಷ್ಟೆ" ಅಂದರು. ಆ ಹಳೆಯ ಎಣ್ಣೆಯನ್ನು ಮನೆಗೆ ತಂದು ಗೆದ್ದಲು ಹತ್ತಿದ ತೊಲೆಗೆ ಹಚ್ಚುತ್ತಿದ್ದರು. ಬಾಗಿಲ ಕೀಲಿಗೂ ಬಿಡುತ್ತಿದ್ದರು. ಗೆದ್ದಲು ಹೋಯಿತು. ಅತ್ತೆಗೆ ಮಾತ್ರ ಆ ವಾಸನೆ ಆಗುತ್ತಿರಲಿಲ್ಲ.

ಎಲ್ಲ ಕೆಟ್ಟದ್ದು ಧರ್ಮಪುರಿಯ ಒಂದು ಮದುವೆಯ ಪಂಚೆಯಿಂದ. ಸಂಜೆ ಹೊತ್ತು ಇವರೇ ನೇಯ್ದು ಮುಗಿಸಿದ್ದರು. ಪಂಚೆ ತೆಗೆದುಕೊಂಡು ಹೋಗಲು ಬಂದ ಸಾಹುಕಾರನ ಆಳು ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದ. ಅಂಚಿನಿಂದ ಒಂದು ಗೇಣು ಒಳಗೆ, ಬಿಳಿಯ ನಡುವೆ, ಹೆಬ್ಬೆರಳಿನ ಕಪ್ಪು ಗುರುತು. ಗೆರೆಗಳೂ ಎಣಿಸುವ ಹಾಗೆ ಬಿದ್ದಿದ್ದವು. ಆಳು ಪಂಚೆಯನ್ನು ಜಗಲಿಯ ಮೇಲೆ ಹಾಕಿ ಹೋದ. ಬೀದಿಯವರೆಲ್ಲ ನೋಡಿದರು.

ಅತ್ತೆ ಕೂಗಾಡಲಿಲ್ಲ. "ಈ ಕೈ ಇನ್ಮೇಲೆ ಆಸಿನ ಮೇಲೆ ಬೀಳಬಾರ್ದು" ಅಂದರು. ಅಷ್ಟೇ.

ಅಂದಿನಿಂದ ಮಗ್ಗ ಪೂರ್ತಿ ಮೈದುನನದಾಯಿತು. ಬೀದಿಯಲ್ಲಿ ಹಾಸು ಎಳೆಯುವ ಬೆಳಿಗ್ಗೆಗಳಲ್ಲಿ ಎಲ್ಲರೂ ಕುಂಚ ಹಿಡಿದು ಓಡಾಡುವಾಗ ಇವರು ಬೀದಿಯ ತುದಿಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ಪ್ರತಿದಿನ ಕೆಲಸದಿಂದ ಬಂದು ಹುಣಸೆಹಣ್ಣು, ಬೂದಿ, ಶೀಗೆಪುಡಿ ಹಾಕಿ ಕೈ ತಿಕ್ಕುತ್ತಿದ್ದರು. ಊಟಕ್ಕೆ ಕೂತಾಗ ಅತ್ತೆಯ ಕಡೆಗೆ ಅಂಗೈ ತಿರುಗಿಸಿ, ಉಪ್ಪು ಕೇಳುವವರ ಹಾಗೆ, ಚಾಚುತ್ತಿದ್ದರು. ಅತ್ತೆ ಉಪ್ಪು ಹಾಕುತ್ತಿದ್ದರು. ಕಣ್ಣು ಮಾತ್ರ ಅಂಗೈಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು.

"ರೇಕೆ ಒಳಗೆ ಇನ್ನೂ ಕಪ್ಪೈತೆ" ಅನ್ನುತ್ತಿದ್ದರು.

ನಾನು ನೋಡಿದರೆ ನನಗೇನೂ ಕಾಣುತ್ತಿರಲಿಲ್ಲ. ಮಗ್ಗಕ್ಕೆ ಕೂತ್ಕೋ ಮಗಾ ಎಂದು ಆಕೆ ಒಂದು ಮಾತು ಹೇಳಲಿ ಎಂದು ಅವರು ಕಾಯುತ್ತಿದ್ದರು. ವರ್ಷಗಟ್ಟಲೆ ಕಾದರು. ಆ ಯಂತ್ರ ಬಿಟ್ಟುಬಿಡಿ ಎಂದು ನಾನೇ ಹೇಳಿದ್ದುಂಟು. "ಅದನ್ನ ಬಿಟ್ರೆ ಅನ್ನ ಎಲ್ಲಿಂದ ಬತ್ತದೆ? ಇದನ್ನ ಬಿಟ್ರೆ ನಾನು ಯಾರು?" ಎಂದು ಮಗ್ಗದ ಕಡೆ ನೋಡಿದರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಅತ್ತೆ ಜ್ವರ ಬಂದು ಮಲಗಿದರು. ಇವರು ತಲೆಯ ಹತ್ತಿರ, ಮೈದುನ ಕಾಲ ಹತ್ತಿರ ಕೂತಿದ್ದರು. ಕೊನೆಗೆ ನೀರು ಕೇಳಿದ್ದು ಕಿರಿಯವನ ಹೆಸರು ಹಿಡಿದು. ಚೊಂಬು ಇವರ ಪಕ್ಕದಲ್ಲೇ ಇತ್ತು. ಇವರು ಅದನ್ನು ತಮ್ಮನ ಕಡೆಗೆ ಸರಿಸಿದರು. ಕಾಯುತ್ತಿದ್ದ ಮಾತು ಬರಲೇ ಇಲ್ಲ.

ಸತ್ತವರ ಬಾಯಿಗೆ ಮೊದಲು ಅಕ್ಕಿ ಹಾಕುವುದು ಹಿರಿಮಗ. ಅದಕ್ಕೆ ಕರೆದರೆ ಇವರು ಹಿತ್ತಲಲ್ಲಿ ಮರಳು ಹಾಕಿ ಕೈ ಉಜ್ಜುತ್ತ ಕೂತಿದ್ದರು. ದಾಯಾದಿಯೊಬ್ಬರು ಹೋಗಿ ಕೈ ಹಿಡಿದರು. "ಸಾಕ್ ಬಿಡಪ್ಪಾ, ರಕ್ತ ಬತ್ತಾ ಐತೆ. ಅವ್ಳು ಇನ್ನೇನ್ ನೋಡ್ತಾಳಾ?"

"ನೋಡ್ತಾಳೆ" ಅಂದರು ಇವರು.

ಸೂತಕದ ದಿನಗಳಲ್ಲಿ ಎಣ್ಣೆ ಮುಟ್ಟುವಂತಿಲ್ಲ. ತಲೆಗೆ ಹಚ್ಚುವುದಿಲ್ಲ, ಒಗ್ಗರಣೆ ಇಲ್ಲ. ಹನ್ನೊಂದನೆಯ ದಿನ ಎಣ್ಣೆ ನೀರು ಹಾಕಿಕೊಂಡರೆ ಮುಗಿಯಿತು. ಆದರೆ ಅದು ಮುಗಿಯುವ ಮೊದಲೇ ಬಂಗಲೆಯಿಂದ ಕರೆ ಬಂತು. ದೊರೆಗಳ ಟೆನಿಸ್ ಪಂದ್ಯ, ಹೊರಗಿನ ಅತಿಥಿಗಳು, ಹುಲ್ಲು ಬೆಳೆದುಬಿಟ್ಟಿದೆ. ಬೋಳಿಸಿದ ತಲೆಗೆ ಟವಲು ಸುತ್ತಿಕೊಂಡು ಇವರು ಹೋದರು. ಮಧ್ಯಾಹ್ನ ಒಗ್ಗರಣೆ ಇಲ್ಲದ ಸಾರನ್ನ ಕಟ್ಟಿಕೊಂಡು ನಾನು ಹೋದೆ.

ಇವರು ಶೆಡ್ಡಿನ ಹೊರಗೆ, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಗೋಡೆಗೆ ಮುಖ ಮಾಡಿ ನಿಂತಿದ್ದರು. ಎಣ್ಣೆ ಬದಲಾಯಿಸುವ ಹೊತ್ತು ಎಂದೋ ಮೀರಿತ್ತು. ತಾನು ಮುಟ್ಟುವಂತಿಲ್ಲ ಎಂದು ದೊರೆಗೆ ಹೇಳಿದ್ದರು. ದೊರೆ ಕೆಟ್ಟವನಲ್ಲ; ಹಾಗಾದರೆ ಮುದುಕನ ಕೈಲಿ ಹಾಕಿಸು ಅಂದಿದ್ದ. ಒಳಗೆ ಮುನಿಯನ್ ತಾತ ಗೊಣಗುತ್ತ ಎಣ್ಣೆ ಇಳಿಸುತ್ತಿದ್ದ.

"ಡೇಯ್ ತಂಬಿ, ಇದು ತಲೆಗೆ ಅಚ್ಚೋ ಎಣ್ಣೆಯಾ? ಕಬ್ಬಿಣದ ಎಣ್ಣೆ ಮುಟ್ಟಿದ್ರೆ ಅಮ್ಮಾ ಸ್ವರ್ಗದಿಂದ ಇಳ್ದು ಬಂದು ಒಡೀತಾಳಾ?"

"ನೀನು ಆಕು ತಾತಾ. ಕೊನೇ ತೊಟ್ಟು ಬೀಳ್ಲಿ. ಗುರುತಿನ ತನಕ ಆಕು."

ಒಳಗೆ ಆದದ್ದು ನಮಗೆ ಆಮೇಲೆ ತಿಳಿಯಿತು. ಡಬ್ಬಿಯ ತಳದಲ್ಲಿ ಸ್ವಲ್ಪವೇ ಎಣ್ಣೆ ಉಳಿದಿತ್ತು. ತಾತ ಅದನ್ನು ಸುರಿದ. ಗುರುತು ಮುಟ್ಟಲಿಲ್ಲ. ಬೂಟಿನ ಹರಳೆಣ್ಣೆ ಅವನ ಕೈಗೆ ಹತ್ತಿರದಲ್ಲೇ ಇತ್ತು. ಅದನ್ನು ಸುರಿದು ಗುರುತು ಮುಟ್ಟಿಸಿ, "ಮುಡಿಞ್ಜದು, ಮುಗೀತು" ಎಂದು ಕೈ ಒರೆಸಿಕೊಂಡು ಬಂದ. ಎತ್ತಿನ ಚರ್ಮವನ್ನೇ ಕಾಪಾಡುವ ಎಣ್ಣೆ ಕಬ್ಬಿಣಕ್ಕೆ ಕೆಡುಕು ಮಾಡುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇವರು ಯಂತ್ರ ಹೊರಡಿಸಿ ಹುಲ್ಲಿಗೆ ಇಳಿಸಿದರು. ಒಂದು ಸಾಲು ಹೋಗಿ ತಿರುಗುವಷ್ಟರಲ್ಲಿ ಹೊಗೆ ಬಂತು. ದೀಪ ಆರಿಸಿದಾಗ ಬರುತ್ತದಲ್ಲ, ಆ ವಾಸನೆ. ಬಂಗಲೆಯ ಬಟ್ಲರ್ ಮೆಟ್ಟಿಲ ಮೇಲಿಂದ, "ಏನಪ್ಪಾ, ಮೋಟಾರಿಗೆ ಪೂಜೆ ಆಯ್ತಾ?" ಎಂದು ನಕ್ಕ. ಇವರು ಯಂತ್ರ ನಿಲ್ಲಿಸಿದರು. ಮೂಗು ಅಗಲಿಸಿ ಒಂದು ಸಲ ಉಸಿರು ಎಳೆದರು.

"ಅರಳೆಣ್ಣೆ" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

ಅದರ ಅರ್ಥ ನನಗೂ ಗೊತ್ತಿತ್ತು. "ಇಳಿಸಿಬಿಡಿ" ಅಂದೆ. "ತಾತನ ಕೈಲಿ ಇಳಿಸಿ."

"ಇಳ್ಸಿ ಏನ್ ಆಕೋದು? ಎಣ್ಣೆ ಎಲ್ಲೈತೆ?" ಅಂಗಡಿ ಜಂಕ್ಷನ್ನಿನ ಹತ್ತಿರ. ಅತಿಥಿಗಳ ಕಾರುಗಳು ಆಗಲೇ ಬರತೊಡಗಿದ್ದವು. ಬಿಚ್ಚಿ, ಒಳಗೆಲ್ಲ ತೊಳೆದು, ಒರೆಸಿ, ಮತ್ತೆ ತುಂಬಿಸುವುದು ಕಣ್ಣು ಮಂಜಾದ ಮುದುಕನಿಂದ ಆಗುವುದಲ್ಲ. ತಾವೇ ಕೈ ಹಾಕಬೇಕು. ಜಗಲಿಯಿಂದ ದೊರೆ, ಯಾಕೆ ನಿಂತಿತು ಎಂದು ಕೂಗಿ ಕೇಳಿದ.

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಮರಳಿಗೆ ಕೆರೆದ ಗಾಯ ಇನ್ನೂ ಒಣಗಿರಲಿಲ್ಲ. ಆ ಕೈ ಅಷ್ಟು ಶುದ್ಧವಾಗಿದ್ದನ್ನು ಆ ವರ್ಷಗಳಲ್ಲಿ ನಾನು ಕಂಡಿರಲಿಲ್ಲ.

"ರೀ, ಮುಟ್ಟಿ ಪರವಾಯಿಲ್ಲ. ಯಾರು ಕೇಳ್ತಾರೆ?" ಅಂದೆ.

"ಬದುಕಿರೋ ತನಕ ಅವ್ಳ ಮಾತು ನಡ್ಸಕಾಗ್ಲಿಲ್ಲ" ಅಂದರು. "ಇಷ್ಟಾದ್ರೂ ನಡೀಲಿ."

ಯಂತ್ರ ಹೊರಡಿಸಿದರು. ಅರ್ಧ ಅಂಗಳ ಕತ್ತರಿಸಿತು. ಸದ್ದು ಮೊದಲು ದಪ್ಪವಾಯಿತು, ಆಮೇಲೆ ಕೀರಲಾಯಿತು. ಅಂಗಳದ ನಟ್ಟನಡುವೆ ಒಂದು ಸಲ ಜಗ್ಗಿ ನಿಂತುಹೋಯಿತು. ಅವರು ಹಿಡಿ ಬಿಡದೆ ಹಾಗೇ ನಿಂತಿದ್ದರು. ಮುನಿಯನ್ ತಾತ ಓಡಿಬಂದು, ತನ್ನ ತಪ್ಪು ತಿಳಿದ ಮೇಲೆ, ಹುಲ್ಲಿನ ಮೇಲೆ ಕೂತು ತಲೆಗೆ ಹೊಡೆದುಕೊಂಡ. ಇವರು ಅವನನ್ನು ಎಬ್ಬಿಸಿ, "ನಿಂದೇನ್ ಐತೆ ತಾತಾ. ನಂಗೆ ಗೊತ್ತಿತ್ತು" ಅಂದರು.

ದೊರೆ ಬೈಯಲಿಲ್ಲ. ನಾಳೆಯಿಂದ ಬರಬೇಡ ಎಂದು ಬಟ್ಲರ್ ಕೈಲಿ ಹೇಳಿಸಿದ.

ಹನ್ನೊಂದನೆಯ ದಿನ ಕಳೆಯಿತು. ಮೈದುನ ಹೆಂಡತಿಯ ಊರಾದ ಎಡಪ್ಪಾಡಿಗೆ ಹೋಗಿ ಅಲ್ಲೇ ನೇಯುತ್ತೇನೆ ಎಂದು ಹೊರಟ. ಮನೆಯಲ್ಲಿ ಮಗ್ಗ ಖಾಲಿ. ಇವರು ಎರಡು ದಿನ ಅದರ ಸುತ್ತ ಸುಳಿದಾಡಿದರು. ಮೂರನೆಯ ದಿನ ನಾನು ಕಂಡಿಕೆಗೆ ನೂಲು ಸುತ್ತಿಟ್ಟು, "ಕೂತ್ಕೊಳ್ಳಿ" ಅಂದೆ. ಯಾರಾದರೂ ಬೇಡ ಅನ್ನುತ್ತಾರೇನೋ ಎಂಬಂತೆ ಒಲೆಯ ಕಡೆ ನೋಡಿ, ಆಮೇಲೆ ಮಗ್ಗದ ಗುಂಡಿಗೆ ಕಾಲು ಇಳಿಸಿದರು.

ಒಂದು ಪಂಚೆ ನೇಯ್ದರು. ಒಂದೇ. ಹಿಂದಿನ ವೇಗ ಇರಲಿಲ್ಲ, ಆದರೆ ಅಂಚು ನೆಟ್ಟಗಿತ್ತು. ಅದೇ ಸಾಹುಕಾರನ ಆಳು ಬಂದು ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದ. ಎರಡೂ ಕಡೆ ತಿರುಗಿಸಿದ.

"ಕೈ ಪೂರ್ತಿ ಶುದ್ಧವಾಗೈತಲ್ಲಪ್ಪಾ! ಇಷ್ಟ್ ವರ್ಷ ಯಾಕೆ ಸುಮ್ನೆ ಇದ್ದೆ?" ಎಂದು ಮಡಚಿ ಹೆಗಲಿಗೆ ಹಾಕಿಕೊಂಡು ಹೊರಟ.

ಇವರು ಒಂದು ಗಳಿಗೆ ಜಗಲಿಯ ಮೇಲೆ ನಿಂತರು. ಆಮೇಲೆ ಬೀದಿಗೆ ಓಡಿದರು. ನಾನು ಹಿಂದೆಯೇ ಹೋದೆ. ಆಳನ್ನು ತಡೆದು ಪಂಚೆ ಇಸಿದುಕೊಂಡು, ಬೀದಿಯಲ್ಲೇ ಮಡಿಕೆ ಬಿಚ್ಚಿ, ಗೇಣು ಗೇಣಾಗಿ ಕಣ್ಣಿನ ಹತ್ತಿರ ತಂದು ನೋಡತೊಡಗಿದರು. ಮೂಸಿಯೂ ನೋಡಿದರು. ಎದುರುಮನೆಯ ಹೆಂಗಸರು ಬಾಗಿಲಿಗೆ ಬಂದರು.

"ಏನ್ ಉಡುಕ್ತಿದೀಯಪ್ಪಾ?"

"ಕಲೆ."

"ಇಲ್ಲ ಅಂದ್ನಲ್ಲಾ! ನಾನೇ ನೋಡ್ದೆ. ಒಂದೂ ಇಲ್ಲ."

"ಇರ್ಬೇಕು. ಚೆನ್ನಾಗ್ ನೋಡು. ಎಲ್ಲೋ ಒಂದಾದ್ರೂ ಇರ್ಬೇಕು."

ಆಳು ನನ್ನ ಮುಖ ನೋಡಿದ. ಮೆಲ್ಲಗೆ ಪಂಚೆಯನ್ನು ಅವರ ಕೈಯಿಂದ ಬಿಡಿಸಿಕೊಂಡು, ಧೂಳು ಕೊಡವಿ, ಮಡಚಿ ಹೊರಟುಹೋದ. ಅವರ ಎರಡೂ ಕೈ ಮುಂದಕ್ಕೆ ಚಾಚಿದ ಹಾಗೇ ಉಳಿದವು.

"ಇಲ್ಲಾ ರೀ, ನಿಮ್ ಕೈಲಿ ಏನೂ ಇಲ್ಲ. ಒಳಗೆ ಬನ್ನಿ" ಅಂದೆ.

ಅವರು ಬರಲಿಲ್ಲ. ಆಳು ತಿರುವು ದಾಟುವ ತನಕ ನೋಡುತ್ತಲೇ ಇದ್ದು, ನನ್ನ ಕಡೆ ತಿರುಗದೆ ಹೇಳಿದರು:

"ಅವ್ವನ ಕಣ್ಣಿಗಾದ್ರೆ ಕಾಣ್ತಿತ್ತು."